ಆಯೇರಿ ತಟ್ಟೆಯ ಹ್ಯಾಟು

ಮೈಲಾರೆಪ್ಪ ತನ್ನ ಹ್ಯಾಟನ್ನು ನೆಲದ ಮೇಲೆ ಇಟ್ಟಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ವಸ್ತುವನ್ನು ಯಾರಾದರೂ ನಾಲ್ಕು ಮಂದಿ ಓಡಾಡುವ ನೆಲದ ಮೇಲೆ ಇಡುತ್ತಾರೆಯೇ? ಪಾಪ, ಅವನು ಮನೆಯಲ್ಲೆಲ್ಲ ಕಣ್ಣಾಡಿಸಿ ಅತ್ಯಂತ ಶುದ್ಧವಾದ ಜಾಗ ಹುಡುಕಿ ಅಲ್ಲಿಟ್ಟ. ಆ ಶುದ್ಧವಾದ ಜಾಗವೇ ಅವನಿಗೆ ಮುಳುವಾಯಿತು.

ಹ್ಯಾಟಿನ ಹಿನ್ನೆಲೆ ಹೇಳಿಬಿಡುತ್ತೇನೆ. ಮೈಲಾರೆಪ್ಪ ಹಾವೇರಿಯಲ್ಲಿ ಮೂವತ್ಮೂರು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಮೂವತ್ಮೂರು ವರ್ಷವೂ ಖಾಕಿ. ನೆಂಟರ ಮದುವೆಗೂ ಡ್ಯೂಟಿ ಮುಗಿಸಿ ಅದರಲ್ಲೇ ಹೋಗುತ್ತಿದ್ದ. ಪಂಕ್ತಿಯಲ್ಲಿ ಊಟಕ್ಕೆ ಕುಳಿತರೆ ಪಕ್ಕದ ಎಲೆಯವರು ಯೋಗಕ್ಷೇಮ ಕೇಳುವುದು ಬಿಟ್ಟು "ಗುತ್ತಲದ ಕಡೀ ಬಸ್ಸು ಎಷ್ಟಕ್ಕೈತ್ರಿ?" ಎಂದು ಕೇಳುತ್ತಿದ್ದರು. ತನ್ನನ್ನು ಯಾರೂ ನೋಡುವುದಿಲ್ಲ, ಖಾಕಿಯನ್ನಷ್ಟೇ ನೋಡುತ್ತಾರೆ ಎಂಬುದು ಅವನ ಬಹುದಿನದ ಸಂಕಟ.

ಅವನ ಇಡೀ ಬದುಕಿನಲ್ಲಿ ಒಂದೇ ಒಂದು ದಿನ ಮಾತ್ರ ಅವನು ಅವನಂತೆ ಕಂಡಿದ್ದ. ಎಪ್ಪತ್ತೆರಡನೆಯ ಇಸವಿ, ಮದುವೆಯಾದ ಮರುವಾರ, ರಾಣೆಬೆನ್ನೂರಿನ ಸ್ಟುಡಿಯೋದಲ್ಲಿ ಗಂಡ ಹೆಂಡತಿ ಫೋಟೋ ತೆಗೆಸಿಕೊಂಡಾಗ ಸ್ಟುಡಿಯೋದವನು ತನ್ನ ಕಪಾಟಿನಿಂದ ಒಂದು ಕಂದು ಹ್ಯಾಟು ತೆಗೆದು ಅವನ ತಲೆಗೆ ಇಟ್ಟಿದ್ದ. ಬೆಲ್ ಬಾಟಮ್ ಪ್ಯಾಂಟು, ಅಗಲ ಕಾಲರಿನ ಅಂಗಿ, ಮೇಲೆ ಹ್ಯಾಟು. ಕನ್ನಡಿಯಲ್ಲಿ ನೋಡಿಕೊಂಡ ಮೈಲಾರೆಪ್ಪನಿಗೆ ಎದೆ ತುಂಬಿ ಬಂತು. ಅಷ್ಟರಲ್ಲಿ ಫೋಟೋ ಮುಗಿಯಿತು, ಸ್ಟುಡಿಯೋದವನು "ಆತು, ಕೊಡ್ರಿ, ಮುಂದಿನ ಮದುಮಗ ಕಾಯಾಕತ್ತಾನ" ಎಂದು ಹ್ಯಾಟು ಕಿತ್ತುಕೊಂಡ. ಅದು ತಲೆಯ ಮೇಲಿಂದ ಹೋಯಿತು, ತಲೆಯೊಳಗಿಂದ ಹೋಗಲಿಲ್ಲ.

ನಿವೃತ್ತನಾದ ಮರುದಿನವೇ ಅವನು ಖಾಕಿಯನ್ನು ಹರಿದು ಒರೆಸುವ ಬಟ್ಟೆ ಮಾಡಿದ. ದರ್ಜಿ ಇಸ್ಮಾಯಿಲಸಾಬನ ಅಂಗಡಿಗೆ ಹೋಗಿ ಎಪ್ಪತ್ತೆರಡರ ಅಳತೆಯ ಬೆಲ್ ಬಾಟಮ್ ಹೊಲಿಸಿದ. ಇಸ್ಮಾಯಿಲಸಾಬ ಹಳೆಯ ಗೆಳೆಯನನ್ನು ನೋಡಿದಷ್ಟು ಸಂತೋಷದಿಂದ ಆ ಪ್ಯಾಂಟು ಹೊಲಿದುಕೊಟ್ಟ. ಹೆಂಡತಿ ದ್ರಾಕ್ಷಾಯಿಣಿ ಮಾತ್ರ, "ಅಂಗಳದಾಗ ಒಂದ ಸುತ್ತು ಹಾಕಿ ಬರ್ರಿ, ನಾ ಕಸಾ ಹೊಡಿಯೂದು ಉಳೀತೈತಿ" ಎಂದಳು. ಮೈಲಾರೆಪ್ಪ ಅಂಜಲಿಲ್ಲ. ಓಣಿಯ ಅರವತ್ತು ದಾಟಿದ ಗಂಡಸರೆಲ್ಲ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪಗಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರೆ ಇವನು ಅವರ ಮುಂದೆ ಬೆಲ್ ಬಾಟಮ್ಮಿನಲ್ಲಿ ಅಡ್ಡಾಡಿದ. ಕೊರತೆ ಇದ್ದದ್ದು ಹ್ಯಾಟಿನದೊಂದೇ.

ಆ ಹ್ಯಾಟು ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಸಿಕ್ಕಿತು. ಹಾವೇರಿ ಬಸ್ ಸ್ಟ್ಯಾಂಡಿನ ಪಕ್ಕ ಹಳೆಯ ಫಾರಿನ್ ಬಟ್ಟೆಗಳನ್ನು ರಾಶಿ ಹಾಕಿ ಮಾರುವ ಫಕ್ಕೀರಸಾಬ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಕಂಡಕ್ಟರ್ ಸಾಹೇಬ್ರ, ಅಲ್ಲಾನ ಆಣಿ, ಈ ಹಾವೇರಿ ಜಿಲ್ಲಾದಾಗ ಇಂಥಾದ್ದು ಇನ್ನೊಂದಿಲ್ಲ" ಎಂದ. ಅದೇ ಕಂದು ಬಣ್ಣ, ಅದೇ ಕಪ್ಪು ಪಟ್ಟಿ. ಮೈಲಾರೆಪ್ಪ ಅದನ್ನು ತಲೆಗೆ ಇಟ್ಟುಕೊಂಡು, ಬಸ್ಸಿನ ಕಿಟಕಿ ಗಾಜಿನಲ್ಲಿ ನೋಡಿಕೊಂಡು, ನಿಂತಲ್ಲೇ ಕಣ್ಣು ಒರೆಸಿಕೊಂಡ.

ಇದಾದ ಒಂದು ವಾರಕ್ಕೆ ಬ್ಯಾಡಗಿಯಲ್ಲಿ ತೊಟ್ಟಿಲು ಕಾರ್ಯಕ್ರಮ ಬಂತು. ಮೈಲಾರೆಪ್ಪನ ತಂಗಿ ಮಂಗಳವ್ವನ ಮಗಳು ಪ್ರಿಯಾಂಕಾ ಹಡೆದಿದ್ದಳು. ಮಂಗಳವ್ವನ ಗಂಡ ತೀರಿಕೊಂಡಿದ್ದರಿಂದ ಬೀಗರನ್ನು ಮರ್ಯಾದೆಯಿಂದ ಕಾಣುವ ಜವಾಬ್ದಾರಿಯೆಲ್ಲ ಸೋದರಮಾವನಾದ ಮೈಲಾರೆಪ್ಪನದು. ಬೆಳಿಗ್ಗೆ ಅವನು ಹ್ಯಾಟಿಗೆ ಬ್ರಶ್ ಹೊಡೆಯುತ್ತಿದ್ದಾಗ ದ್ರಾಕ್ಷಾಯಿಣಿ ಬಾಗಿಲಿಗೆ ಅಡ್ಡ ನಿಂತಳು.

"ಇದನ್ನ ಹಾಕ್ಕೊಂಡು ಬೀಗರ ಮುಂದ ಬರ್ತೀರೇನು?"

"ಬರ್ತೇನಿ."

"ರಾಣೆಬೆನ್ನೂರ ಬೀಗರು ಭಾಳ ಬಿಗಿ ಮಂದಿ. ಏನರೆ ಆತಂದ್ರ ನಮ್ಮ ಪ್ರಿಯಾಂಕಾಗ ಜೀವನಾ ಪೂರ್ತಿ ಮಾತು ಕೇಳೂದಾಗತೈತಿ."

"ತಲೀಮ್ಯಾಲಿನ ಹ್ಯಾಟು ಯಾರಿಗೇನು ಮಾಡತೈತಿ?"

"ಹಂಗಾರ ಕರಾರು ಮಾಡೂಣು. ಇವತ್ತೊಂದಿನ ಇದರಿಂದ ಏನೂ ರಗಳೆ ಆಗಲಿಲ್ಲಂದ್ರ ನಾ ಇನ್ನ ಇದರ ಸುದ್ದಿಗೆ ಬರೂದಿಲ್ಲ. ರಗಳೆ ಆತೋ, ನಾಳಿಂದ ಇದರಾಗ ಉಳ್ಳಾಗಡ್ಡಿ ತುಂಬಿ ಇಡ್ತೇನಿ."

"ಆತು" ಎಂದ ಮೈಲಾರೆಪ್ಪ. ಒಂದು ದಿನದ ಮಾತು, ಅದರಲ್ಲೇನಿದೆ ಎಂದುಕೊಂಡ.

ದಿನ ಚೆನ್ನಾಗಿಯೇ ಆರಂಭವಾಯಿತು. ಬಸ್ಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಕಂಡಕ್ಟರ್ ಹ್ಯಾಟು ನೋಡಿ ಎದ್ದುನಿಂತು, "ಸಾಹೇಬ್ರ, ಎಲ್ಲಿಂದ ಬಂದೀರಿ? ಮುಂಬೈಯಿಂದೇನ್ರಿ?" ಎಂದು ವಿನಯದಿಂದ ಕೇಳಿದ. ಮೈಲಾರೆಪ್ಪ ಮೆಲ್ಲಗೆ ನಗುವಷ್ಟರಲ್ಲಿ ದ್ರಾಕ್ಷಾಯಿಣಿ, "ಇಲ್ಲೇ, ಹಿಟ್ಟಿನ ಗಿರಣಿ ಹಿಂದಿನ ಓಣಿಯಿಂದ" ಎಂದಳು. ಬ್ಯಾಡಗಿಯಲ್ಲಿ ಇಳಿದಾಗ ಮೆಣಸಿನಕಾಯಿಯ ಘಾಟಿಗೆ ನಾಲ್ಕು ಸೀನು ಬಂದವು. ನಾಲ್ಕೂ ಸಲ ಅವನು ಮೂಗು ಬಿಟ್ಟು ಹ್ಯಾಟು ಹಿಡಿದುಕೊಂಡ.

ಮಂಗಳವ್ವನ ಮನೆಯ ಮುಂದೆ ಪೆಂಡಾಲು, ಒಳಗೆ ಮಂದಿ. ಬೀಗರು ಟ್ರ್ಯಾಕ್ಸಿನಲ್ಲಿ ಬಂದಿಳಿದಿದ್ದರು. ಕೂಸಿನ ಅಜ್ಜ ಗುಡ್ಡಪ್ಪ, ಅವನ ಮೂವರು ತಮ್ಮಂದಿರು, ಹಿಂದೆ ಕೋಲೂರಿಕೊಂಡು ಅವರೆಲ್ಲರ ತಾಯಿ ಕರಿಯವ್ವ. ಆಕೆಗೆ ಎಂಬತ್ತೈದು ದಾಟಿತ್ತು. ತಮ್ಮಂದಿರಲ್ಲಿ ಹಿರಿಯನಾದ ಹೊಳೆಬಸಪ್ಪನ ಮುಖದ ಮೇಲೆ ಇಂದು ಏನಾದರೂ ಕೊರತೆ ಹುಡುಕದೆ ಊಟಕ್ಕೆ ಕೂಡುವುದಿಲ್ಲ ಎಂದು ಬರೆದಂತಿತ್ತು. ಇಂಥವರು ಎಲ್ಲ ಬೀಗರಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಕೂಸನ್ನು ತೊಟ್ಟಿಲಿಗೆ ಹಾಕಿದರು. ಸೋದರಮಾವ ಬಂದು ಕೂಸು ನೋಡಲಿ ಎಂದರು. ಮೈಲಾರೆಪ್ಪ ಬಗ್ಗಿದ. ಹ್ಯಾಟಿನ ಅಂಚು ತೊಟ್ಟಿಲಿಗೆ ಕಟ್ಟಿದ ಬಣ್ಣದ ಗಿಳಿಗಳಿಗೆ ತಾಗಿ ಗಿಳಿಗಳೆಲ್ಲ ಗಿರಗಿರ ತಿರುಗಿದವು. ಕೂಸು ಹ್ಯಾಟು ನೋಡಿ ಕಿಟಾರನೆ ಕಿರುಚಿತು.

"ಅಣ್ಣಾ, ಅದನ್ನೊಂಚೂರು ತಗೀಯಪ್ಪಾ" ಎಂದಳು ಮಂಗಳವ್ವ. ದ್ರಾಕ್ಷಾಯಿಣಿ ಬೆರಳಿನಿಂದ ಗಾಳಿಯಲ್ಲಿ ಉಳ್ಳಾಗಡ್ಡಿಯಷ್ಟು ದುಂಡಗೆ ಬರೆದು ತೋರಿಸಿದಳು.

ಮೈಲಾರೆಪ್ಪ ಹ್ಯಾಟು ತೆಗೆದ. ಎಲ್ಲಿಡುವುದು? ನೆಲದ ಮೇಲೆ ಮಕ್ಕಳು. ಕುರ್ಚಿಯ ಮೇಲೆ ಯಾರಾದರೂ ಕೂತರೆ ಮುಗಿಯಿತು. ಕಿಟಕಿಯಲ್ಲಿ ಎಣ್ಣೆ ಬಾಟಲಿ. ಮೂಲೆಯ ಮಣೆಯ ಮೇಲೆ ಒಂದು ದೊಡ್ಡ ಹಿತ್ತಾಳೆ ತಟ್ಟೆ ಇತ್ತು. ಅದರಲ್ಲಿ ಹೊಸ ಟವೆಲ್ಲುಗಳು, ಗರಿಗರಿ ಬಿಳಿ ಟೊಪಗಿಗಳು, ತೆಂಗಿನಕಾಯಿ, ಎಲೆ ಅಡಿಕೆ. ಇಡೀ ಮನೆಯಲ್ಲಿ ಅಷ್ಟು ಶುದ್ಧವಾದ ಜಾಗ ಇನ್ನೊಂದಿರಲಿಲ್ಲ. ಮೈಲಾರೆಪ್ಪ ಹ್ಯಾಟನ್ನು ಆ ಬಿಳಿ ಟೊಪಗಿಗಳ ಮೇಲೆ ಮೆತ್ತಗೆ ಇಟ್ಟು, ನಿಶ್ಚಿಂತೆಯಿಂದ ಕೂಸಿನ ಕಡೆ ತಿರುಗಿದ.

ಅದು ಆಯೇರಿ ತಟ್ಟೆ. ಬೀಗರಿಗೆ ಬಟ್ಟೆ, ಟೊಪಗಿ, ಟವೆಲ್ಲು ಕೊಟ್ಟು ಗೌರವಿಸುವುದಕ್ಕೆ ಆ ಕಡೆ ಆಯೇರಿ ಎನ್ನುತ್ತಾರೆ. ಸುಮ್ಮನೆ ಕೊಟ್ಟರೆ ಅದು ಆಯೇರಿಯಲ್ಲ, ಮೈಕಿನಲ್ಲಿ ಕೂಗಿ ಕೊಡಬೇಕು. ಯಾರು ಯಾರಿಗೆ ಏನು ಕೊಟ್ಟರು ಎಂದು ಮೂರು ಓಣಿಗೆ ಕೇಳಬೇಕು. ಹೀಗೆ ಮೈಕಿನಲ್ಲಿ ಹೇಳಿದ್ದನ್ನು ಬದಲಿಸುವ ಕ್ರಮ ಮಾತ್ರ ಇದುವರೆಗೆ ಎಲ್ಲೂ ಇಲ್ಲ.

ಮೈಕು ಹಿಡಿದಿದ್ದವನು ಮಂಗಳವ್ವನ ಮಗ ಯಲ್ಲೇಶ. ಅವನಿಗೆ ಮೈಕೆಂದರೆ ಪ್ರಾಣ. "ಎಲ್ಲಾರೂ ಶಾಂತ ರೀತಿಯಿಂದ ಕುಂದರಬೇಕು! ಕೂಸಿನ ತಾಯಿಯ ಸೋದರಮಾವ ಹಾವೇರಿ ಮೈಲಾರೆಪ್ಪನವರು, ಬೀಗರಾದ ರಾಣೆಬೆನ್ನೂರು ಗುಡ್ಡಪ್ಪನವರಿಗೆ ಪ್ರೀತಿಯಿಂದ ಮಾಡುವಂಥ ಆಯೇರಿ, ಒಂದು..." ಎನ್ನುತ್ತ ತಟ್ಟೆಯ ಕಡೆ ನೋಡಿದ. ಎಲ್ಲಕ್ಕಿಂತ ಮೇಲೆ ಹ್ಯಾಟು ಕುಳಿತಿತ್ತು. ಮಾಮಾ ಎಂಥಾ ದೊಡ್ಡ ಮನುಷ್ಯ ಎಂದುಕೊಂಡ ಯಲ್ಲೇಶ ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದ. "ಒಂದು ಫಾರಿನ್ ಹ್ಯಾಟು!"

ಚಪ್ಪಾಳೆ ಬಿತ್ತು. ಯಾರೋ ಹ್ಯಾಟನ್ನು ಮೈಲಾರೆಪ್ಪನ ಕೈಗೆ ಕೊಟ್ಟರು, ಇನ್ಯಾರೋ ಅವನನ್ನು ಗುಡ್ಡಪ್ಪನ ಮುಂದೆ ದೂಡಿದರು. ಗುಡ್ಡಪ್ಪ ತಲೆ ಬಗ್ಗಿಸಿ ಕಾಯುತ್ತಿದ್ದ. ಮೈಲಾರೆಪ್ಪನ ಕೈ ಮುಂದೆ ಹೋಗಲಿಲ್ಲ.

"ಹಾಕಪ್ಪಾ ಅಣ್ಣಾ, ಎಲ್ಲಾರೂ ನೋಡಾಕತ್ತಾರ" ಎಂದಳು ಮಂಗಳವ್ವ.

ಮೈಲಾರೆಪ್ಪ ತನ್ನ ಕೈಯಾರೆ ತನ್ನ ಹ್ಯಾಟನ್ನು ಗುಡ್ಡಪ್ಪನ ಬೋಳು ತಲೆಗೆ ಇಟ್ಟ. ದ್ರಾಕ್ಷಾಯಿಣಿ, ಅವನು ನಿವೃತ್ತನಾದ ಎರಡು ವರ್ಷದಲ್ಲಿ ಮೊದಲ ಸಲ, ಗಂಡನನ್ನು ಮೆಚ್ಚುಗೆಯಿಂದ ನೋಡಿದಳು.

ಉಳಿದ ಮೂವರಿಗೆ ಬಿಳಿ ಟೊಪಗಿ, ಟವೆಲ್ಲು ಆಯಿತು. ಮೈಲಾರೆಪ್ಪ ಗುಡ್ಡಪ್ಪನ ಪಕ್ಕ ಬಂದು ಕುಳಿತು, ಹಗೂರಕ್ಕೆ ಮಾತು ತೆಗೆದ.

"ಬೀಗರ, ಬಿಗಿ ಆಗತೈತೇನು? ಆಗತಿದ್ರ ಹೇಳ್ರಿ, ಸಂಕೋಚ ಬ್ಯಾಡ. ಬದಲಿ ಮಾಡಿಕೊಡ್ತೇನಿ."

"ಏ, ನನ್ನ ತಲೀಗೆ ಅಳತಿ ತಗೊಂಡು ಮಾಡಿಸಿದಂಗೈತ್ರಿ!"

"ಸೆಕಿ ಆಗತೈತೇನೋ."

"ಇಲ್ಲ ಬಿಡ್ರಿ." ಗುಡ್ಡಪ್ಪ ಹ್ಯಾಟಿನ ಅಂಚು ಮುಟ್ಟಿಕೊಂಡು ದನಿ ಇಳಿಸಿದ. "ನಿಮಗ ಹೇಳ್ತೇನಿ, ಯಾರ ಮುಂದೂ ಹೇಳಿಲ್ಲ. ವಯಸ್ಸಿದ್ದಾಗ ನನಗ ಇಂಥಾದ್ದೊಂದು ಹಾಕ್ಕೋಬೇಕಂತ ಭಾಳ ಆಸೆ ಇತ್ತು. ನಮ್ಮಪ್ಪ ಹಾಕಗೊಡಲಿಲ್ಲ. ನನ್ನ ಮನಸಿನ್ಯಾಗಿಂದು ನಿಮಗ ಹೆಂಗ ಗೊತ್ತಾತ್ರಿ?"

ಅವನ ಕಣ್ಣಲ್ಲಿ ನೀರಿತ್ತು. ಮೈಲಾರೆಪ್ಪನ ಕಣ್ಣಲ್ಲೂ ಇತ್ತು, ಕಾರಣ ಮಾತ್ರ ಬೇರೆ. ಇಂಥ ಮನುಷ್ಯನ ತಲೆಯಿಂದ ಹ್ಯಾಟು ತೆಗೆಯುವುದು ಪಾಪದ ಕೆಲಸ ಎಂದು ಅವನಿಗೆ ಖಚಿತವಾಗಿ ಅನ್ನಿಸಿತು. ಹೋಗಲಿ, ರಗಳೆಯಂತೂ ಆಗಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಹೊರಗೆ ಟ್ರ್ಯಾಕ್ಸಿನ ಬಾಗಿಲು ದಡಾರೆಂದಿತು.

ಹೊಳೆಬಸಪ್ಪ ಮತ್ತು ಇಬ್ಬರು ತಮ್ಮಂದಿರು ಗಾಡಿಯಲ್ಲಿ ಹೋಗಿ ಕುಳಿತಿದ್ದರು. ಹೊಳೆಬಸಪ್ಪ ಬಿಳಿ ಟೊಪಗಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿ ತುರುಕಿದ್ದ.

"ಊಟಕ್ಕ ಏಳ್ರಿ ಬೀಗರ" ಎಂದ ಮೈಲಾರೆಪ್ಪ.

"ಹಸಿವಿಲ್ಲ."

"ಯಾಕ್ರಿ, ಏನಾತು?"

"ನಾವೇನು ಬೀಗರಲ್ಲೇನ್ರಿ? ಅಣ್ಣಗ ಫಾರಿನ್ ಹ್ಯಾಟು, ನಮಗ ಸಂತಿ ಟೊಪಗಿ. ಅದೂ ಮೈಕಿನ್ಯಾಗ ಒದರಿ! ಒಂದ ಹೊಟ್ಟೀಲೆ ಹುಟ್ಟಿದವರಿಗೆ ಎರಡು ನಮೂನಿ ಮಾಡಬಾರದ್ರಿ."

ಒಳಗೆ ಪ್ರಿಯಾಂಕಾ ಕೂಸನ್ನು ಎತ್ತಿಕೊಂಡು ಅಳತೊಡಗಿದಳು. "ಮಾಮಾ, ಸಣ್ಣ ಮಾವಾರು ಉಣ್ಣದ ಹೋದ್ರ ನಾ ಆ ಮನಿಗೆ ಹೆಂಗ ಹೋಗ್ಲಿ?" ಮಂಗಳವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು. ದ್ರಾಕ್ಷಾಯಿಣಿ ಗಂಡನ ಬಳಿ ಬಂದು, "ರಗಳೆ ಆತಲ್ಲ?" ಎಂದು ಕೇಳಿದಳು. ಆ ಹೊತ್ತಿನಲ್ಲೂ ಆಕೆ ಕರಾರು ಮರೆತಿರಲಿಲ್ಲ.

ಹ್ಯಾಟು ವಾಪಸು ಪಡೆಯುವಂತಿಲ್ಲ. ಉಳಿದದ್ದು ಒಂದೇ ದಾರಿ. ಮೈಲಾರೆಪ್ಪ ಯಲ್ಲೇಶನನ್ನು ಪಕ್ಕಕ್ಕೆ ಕರೆದ. "ಲಗೂನ ಗಾಡಿ ತಗಿ. ಫಕ್ಕೀರಸಾಬ ಇವತ್ತು ರಾಣೆಬೆನ್ನೂರ ಸಂತ್ಯಾಗ ಇರ್ತಾನ." ಮಂಗಳವ್ವನಿಗೆ, "ಬೀಗರಿಗೆ ಇನ್ನೂ ಮೂರು ಪಾರ್ಸಲ್ ಬರೂದೈತಿ, ಬಸ್ಸಿಗೆ ಬರಾಕತ್ತಾವು ಅಂತ ಹೇಳು. ಚಾ ಕುಡಿಸಿಕೋತ ಇರು" ಎಂದ. ಮಾವ ಅಳಿಯ ಸ್ಕೂಟರ್ ಏರಿದರು. ಬೆಲ್ ಬಾಟಮ್ಮಿನಲ್ಲಿ ಗಾಳಿ ತುಂಬಿಕೊಂಡು, ಹಿಂದೆ ಕುಳಿತ ಮೈಲಾರೆಪ್ಪ ಬರಿ ತಲೆಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಹೆದ್ದಾರಿಯಲ್ಲಿ ಸಾಗಿದ.

ಸಂತೆಯಲ್ಲಿ ಫಕ್ಕೀರಸಾಬ ಬಟ್ಟೆ ರಾಶಿಯ ಪಕ್ಕ ಕುಳಿತು ಮಂಡಕ್ಕಿ ತಿನ್ನುತ್ತಿದ್ದ.

"ಫಕ್ಕೀರಣ್ಣಾ, ಅಂಥಾದ್ದ ಹ್ಯಾಟು ಇನ್ನೂ ಅದಾವೇನು?" ಇಲ್ಲ ಎಂದರೆ ಬೀಗರು ಉಣ್ಣದೆ ಹೋಗುತ್ತಾರೆ. ಇದೆ ಎಂದರೆ ತನ್ನ ಹ್ಯಾಟು ತನ್ನೊಬ್ಬನದಾಗಿರಲಿಲ್ಲ ಎಂದಾಗುತ್ತದೆ. ಯಾವುದನ್ನು ಬಯಸಬೇಕೋ ಮೈಲಾರೆಪ್ಪನಿಗೇ ತಿಳಿಯಲಿಲ್ಲ.

"ಅದಾವಲ್ಲ!" ಎಂದ ಫಕ್ಕೀರಸಾಬ. ಹಿಂದಿದ್ದ ಗೋಣಿಚೀಲ ಎಳೆದು ಬುಡಮೇಲು ಮಾಡಿದ. ಒಂದು, ಎರಡು, ಮೂರು, ನಾಲ್ಕು. ಅದೇ ಕಂದು, ಅದೇ ಕಪ್ಪು ಪಟ್ಟಿ.

"ಹಾವೇರಿ ಜಿಲ್ಲಾದಾಗ ಇನ್ನೊಂದಿಲ್ಲ ಅಂತ ಆಣಿ ಮಾಡಿದ್ದೆಲ್ಲೋ!"

"ಖರೇನ ಹೇಳಿದ್ನಿರಿ ಸಾಹೇಬ್ರ. ಈ ಚೀಲ ಆವಾಗ ಹುಬ್ಬಳ್ಳ್ಯಾಗಿತ್ತು. ಅದು ಧಾರವಾಡ ಜಿಲ್ಲಾ."

ಚೀಲದಿಂದ ಉದುರಿದ ನಾಲ್ಕೂ ಹ್ಯಾಟುಗಳು ಡಿಪೋ ಸ್ಟೋರಿನಲ್ಲಿ ಪೇರಿಸಿಟ್ಟ ಖಾಕಿ ಬಟ್ಟೆಗಳಂತೆ ಕಂಡವು. ಮೈಲಾರೆಪ್ಪ ಒಂದನ್ನು ಎತ್ತಿ ನೋಡಿ ಕೆಳಗಿಟ್ಟ. ಆದರೂ ಮನುಷ್ಯನ ಆಸೆ ನೋಡಿ, ಬೀಗರಿಗೆ ಮೂರು ಸಾಕು, ನಾಲ್ಕನೆಯದು ನನಗೇ ಆಯಿತಲ್ಲ ಎಂದು ಮರುಕ್ಷಣವೇ ಲೆಕ್ಕ ಹಾಕಿದ. ನಾಲ್ಕರಲ್ಲಿ ಒಂದಕ್ಕೆ ಪಟ್ಟಿಯ ಪಕ್ಕ ಸಣ್ಣದೊಂದು ನವಿಲುಬಣ್ಣದ ಗರಿ ಸಿಕ್ಕಿಸಿತ್ತು. ಅದನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿಸಿಕೊಂಡ. ಹಿಂದಿರುಗುವ ದಾರಿಯುದ್ದಕ್ಕೂ ಅವನ ಮನಸ್ಸು ಆ ಗರಿಯ ಸುತ್ತಲೇ ಇತ್ತು. ಗುಡ್ಡಪ್ಪನ ಹ್ಯಾಟಿಗೆ ಗರಿ ಇಲ್ಲ!

ಬ್ಯಾಡಗಿಯಲ್ಲಿ ಮೈಕು ಮತ್ತೆ ಜೀವ ತಳೆಯಿತು. "ಸೋದರಮಾವನವರಿಂದ ಹೊಳೆಬಸಪ್ಪನವರಿಗೆ ಒಂದು ಫಾರಿನ್ ಹ್ಯಾಟು!" ಹೊಳೆಬಸಪ್ಪನ ಹಸಿವು ತಕ್ಷಣ ಮರಳಿ ಬಂತು. ಇನ್ನಿಬ್ಬರಿಗೂ ಆಯಿತು. ಪ್ರಿಯಾಂಕಾ ಕಣ್ಣೊರೆಸಿಕೊಂಡು ನಕ್ಕಳು. ಗೋದಿ ಹುಗ್ಗಿಯ ಪರಿಮಳ ಪೆಂಡಾಲಿನ ತುಂಬ ಹರಡಿತು. ಮೈಲಾರೆಪ್ಪ ಕಾಗದದ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದು ಮೆಲ್ಲಗೆ ಹಿತ್ತಲಿನ ಕಡೆ ಸರಿಯುತ್ತಿದ್ದ.

"ಏ ತಮ್ಮಾ, ನಿಂದರು."

ಗೋಡೆಗೆ ಒರಗಿ ಕುಳಿತಿದ್ದ ಕರಿಯವ್ವ ಕೋಲಿನಿಂದ ಅವನ ಬೆಲ್ ಬಾಟಮ್ಮಿನ ಅಂಚು ಒತ್ತಿ ಹಿಡಿದಿದ್ದಳು. ಆ ಪ್ಯಾಂಟಿನ ಅಗಲ ಅಷ್ಟಿತ್ತು, ಕುರುಡರಿಗೂ ಗುರಿ ತಪ್ಪುತ್ತಿರಲಿಲ್ಲ.

"ಹಿಂದೇನೈತಿ?"

"ಏನಿಲ್ಲಬೇ ಯವ್ವಾ."

"ಏನಿಲ್ಲಂದ್ರ ತೋರ್ಸು."

ಪೊಟ್ಟಣ ಬಿಚ್ಚಿತು. ಗರಿ ಹೊಳೆಯಿತು.

"ನಾಕೂ ಮಕ್ಕಳಿಗೆ ಹಾಕಿದಿ" ಎಂದಳು ಕರಿಯವ್ವ, ಇಡೀ ಪೆಂಡಾಲಿಗೆ ಕೇಳುವಂತೆ. "ಅವರನ್ನ ಹಡದಾಕಿ ನಾನು ಇಲ್ಲೇ ಕುಂತೇನಿ. ನನಗ ಎರಡು ಕುಬುಸದ ಕಣಾ ಕೊಟ್ಟು ಕೈ ತೊಳಕೊಂಡ್ರಿ. ಬೀಗರೊಳಗ ಹಿರೇರು ಯಾರೋ ಇಲ್ಲೆ?"

"ಯವ್ವಾ, ಇದು ಗಂಡಸರದು..."

"ಎಂಬತ್ತೈದಾತು. ಇನ್ನ ನನಗೇನು ಗಂಡಸರದು, ಹೆಂಗಸರದು? ಹಾಕು."

ಮೈಲಾರೆಪ್ಪ ಸಹಾಯಕ್ಕಾಗಿ ಸುತ್ತ ನೋಡಿದ. ನಾಲ್ಕು ಮಕ್ಕಳೂ ಹ್ಯಾಟು ಹಾಕಿಕೊಂಡು ಗಂಭೀರವಾಗಿ ಅವನನ್ನೇ ನೋಡುತ್ತಿದ್ದರು. ಹೊಳೆಬಸಪ್ಪ ಅರ್ಧ ಕುಳಿತವನು ಎದ್ದು ನಿಂತ. ಅಷ್ಟರಲ್ಲಿ ಯಲ್ಲೇಶ ಕೂಗಿಯೇಬಿಟ್ಟ: "ಸೋದರಮಾವನವರಿಂದ ಹಿರಿಯ ಜೀವ ಕರಿಯವ್ವನವರಿಗೆ, ಗರಿ ಇರುವಂಥ ಒಂದು ಸ್ಪೆಷಲ್ ಫಾರಿನ್ ಹ್ಯಾಟು!"

ಕರಿಯವ್ವ ಸೆರಗಿನ ಮೇಲೆ ಹ್ಯಾಟು ಇಡಿಸಿಕೊಂಡು ಕನ್ನಡಿ ತರಿಸಿ ನೋಡಿದಳು. ಗರಿ ಎಡಕ್ಕಿತ್ತು, ಬಲಕ್ಕೆ ತಿರುಗಿಸಿಕೊಂಡಳು. ಖರೆ ಹೇಳಬೇಕೆಂದರೆ ಆ ದಿನ ಹ್ಯಾಟು ಹಾಕಿಕೊಂಡವರಲ್ಲೆಲ್ಲ ಅದು ಆಕೆಗೇ ಹೆಚ್ಚು ಒಪ್ಪಿತ್ತು. ಮೈಲಾರೆಪ್ಪನಿಗೂ ಅದು ಕಂಡಿತು. ಅದರಿಂದ ಅವನ ಹೊಟ್ಟೆಯುರಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಊಟ ಭರ್ಜರಿಯಾಗಿ ನಡೆಯಿತು. ಕೊನೆಗೆ ಫೋಟೋಗ್ರಾಫರ್ ಕೈಸರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಕುರ್ಚಿಯಲ್ಲಿ ಕರಿಯವ್ವ, ಹಿಂದೆ ನಾಲ್ಕು ಮಕ್ಕಳು, ತುದಿಯಲ್ಲಿ ಮೈಲಾರೆಪ್ಪ. ಕೈಸರ ಕ್ಯಾಮೆರಾದಲ್ಲಿ ಕಣ್ಣಿಟ್ಟು ಮತ್ತೆ ತೆಗೆದ.

"ಮಾಮಾರ, ಎಲ್ಲಾರ ತಲೀಮ್ಯಾಲೆ ಐತಿ, ನಿಮ್ಮದೊಂದು ಬರೇ ತಲಿ. ಚಂದ ಕಾಣಂಗಿಲ್ರಿ."

ಹೊಳೆಬಸಪ್ಪನಿಗೆ ಹೊಟ್ಟೆ ತುಂಬಿ ಮನಸ್ಸು ಉದಾರವಾಗಿತ್ತು. ಕಿಸೆಯಿಂದ ನಾಲ್ಕು ಮಡಿಕೆಯ ಬಿಳಿ ಟೊಪಗಿ ತೆಗೆದು, ಕೊಡವಿ, ಮೈಲಾರೆಪ್ಪನ ತಲೆಗೆ ಇಟ್ಟು ಕೈ ಮುಗಿದ. "ಇದು ನಮ್ಮ ಕಡೆಯಿಂದ ಆಯೇರಿ ಅಂತ ತಿಳೀರಿ." ಯಲ್ಲೇಶ ಅದನ್ನೂ ಮೈಕಿನಲ್ಲಿ ಹೇಳಿದ. ಇನ್ನು ಅದನ್ನು ತೆಗೆಯುವಂತೆಯೂ ಇರಲಿಲ್ಲ.

ಕ್ಯಾಮೆರಾ ಮಿಂಚಿತು. ಮೂವತ್ತೆರಡು ವರ್ಷದ ಹಿಂದಿನ ಸ್ಟುಡಿಯೋದವನು ಪುಣ್ಯಾತ್ಮ, ಫೋಟೋ ತೆಗೆದಾದ ಮೇಲೆ ಹ್ಯಾಟು ಕಿತ್ತುಕೊಂಡಿದ್ದ ಎಂದುಕೊಂಡ ಮೈಲಾರೆಪ್ಪ.

ದ್ರಾಕ್ಷಾಯಿಣಿ ಬಂದು ಗಂಡನ ಟೊಪಗಿಯ ಮಡಿಕೆ ಸರಿಮಾಡಿದಳು. ದನಿಯಲ್ಲಿ ಕನಿಕರವಿತ್ತು. "ಉಳ್ಳಾಗಡ್ಡಿ ಸುದ್ದಿ ಬಿಡ್ರಿ, ತುಂಬಿಡಾಕ ಹ್ಯಾಟರೆ ಎಲ್ಲೈತಿ? ಆದ್ರ ಒಂದು ಮಾತು. ಎಲ್ಲಾರಗಿಂತ ಬ್ಯಾರೆ ಕಾಣಬೇಕು ಅಂತಿದ್ರೆಲ್ಲ, ಫೋಟೋದಾಗ ನೀವೊಬ್ಬರ ಬ್ಯಾರೆ ಕಾಣಾಕತ್ತೀರಿ."

ಬೀಗರನ್ನು ಕಳಿಸಲು ಅವನು ಟ್ರ್ಯಾಕ್ಸಿನ ತನಕ ಹೋದ. ಗುಡ್ಡಪ್ಪ ಕಿಟಕಿಯಿಂದ ಹ್ಯಾಟು ಸಮೇತ ತಲೆ ಹೊರಹಾಕಿ, ಅವನ ಕೈ ಹಿಡಿದುಕೊಂಡ.

"ಬೀಗರ, ಮುಂದಿನ ತಿಂಗಳ ನಮ್ಮ ಹೊಸ ಮನೀದು ವಾಸ್ತು ಐತಿ. ತಪ್ಪದ ಬರಬೇಕು. ಹಿಂಗ ಬಿಳಿ ಟೊಪಗಿ ಹಾಕ್ಕೊಂಡ ಬರ್ರಿ, ನಿಮಗ ಭಾಳ ಶೋಭಾ ಕೊಡತೈತಿ." ಗಾಡಿ ಚಾಲೂ ಆಗುವ ಗದ್ದಲದಲ್ಲಿ ಅವನು ಹ್ಯಾಟಿನ ಅಂಚು ಕಣ್ಣಿನ ಮೇಲೆ ಇಳಿಸಿಕೊಂಡು ಆಪ್ತವಾಗಿ ಹೇಳಿದ, "ಹ್ಯಾಟು ಎಲ್ಲಾರಿಗೂ ಒಪ್ಪೂದಿಲ್ಲ ಬಿಡ್ರಿ."